ಎಣ್ಣೆ ಬಂದಾಗ ಕಣ್ಣು ಮುಚ್ಚಬೇಡಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವುದಾದರೂ ಬಿಡಿಭಾಗದ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಈ ಮಾತುಕತೆ ಕಿವಿಗೆ ಬಿದ್ದೇ ಬೀಳುತ್ತದೆ. “ಅಣ್ಣಾ, ಅವೆಂಜರ್‌ಗೆ ಒಂದ್ ಆಯಿಲ್ ಕೊಡಿ.” “ಯಾವ್ದು ಕೊಡ್ಲಿ ಸಾರ್?” “ಒಳ್ಳೇದು ಕೊಡಿ.” ಅಂಗಡಿಯವನ ಕೈ ಕಪಾಟಿಗೆ ಹೋಗುತ್ತದೆ; ಹತ್ತಿರ ಸಿಕ್ಕಿದ್ದೋ, ಲಾಭ ಜಾಸ್ತಿ ಇರುವುದೋ, ಒಂದು ಡಬ್ಬ ಬಂದು ಕೌಂಟರಿನ ಮೇಲೆ ಕೂರುತ್ತದೆ. ಕೊಳ್ಳುವವನು ಬಣ್ಣ ನೋಡುತ್ತಾನೆ, ಬೆಲೆ ನೋಡುತ್ತಾನೆ, ಹೆಸರು ಕೇಳಿದ್ದೇ ಇದೆ ಎಂದು ಸಮಾಧಾನಪಟ್ಟುಕೊಂಡು ಹೊರಡುತ್ತಾನೆ. ಡಬ್ಬ ತಿರುಗಿಸಿ ಬೆನ್ನು ಓದುವವರು ಅಪರೂಪ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಯನ್ನು ಹಿರಿಯರು ಕೈಗೆ ಬಂದ ಅವಕಾಶ ಕಳೆದುಕೊಳ್ಳುವವರನ್ನು ಕುರಿತು ಹೇಳಿದ್ದು. ಬೈಕ್ ಇಟ್ಟುಕೊಂಡವರ ವಿಷಯದಲ್ಲಿ ಅದು ಅಕ್ಷರಕ್ಕೆ ಅಕ್ಷರ ನಿಜ.

ಅಂದಹಾಗೆ, ಗ್ಯಾರೇಜಿನಲ್ಲಿ ಯಾರೂ ‘ಎಣ್ಣೆ’ ಎನ್ನುವುದಿಲ್ಲ, ‘ಆಯಿಲ್’ ಎಂದೇ ಅನ್ನುತ್ತಾರೆ. ಎಣ್ಣೆ ಎಂಬುದು ಈಗ ಸಂಜೆ ಏಳರ ಮೇಲೆ ಬೇರೆಯೇ ಬಾಟಲಿಗೆ ಸಲ್ಲುವ ಮಾತಾಗಿದೆ. ನಾನು ಎರಡನ್ನೂ ಬಳಸುತ್ತೇನೆ. ಓದುಗರು ಅಪಾರ್ಥ ಮಾಡಿಕೊಳ್ಳಬಾರದು.

ಬಜಾಜ್ ಅವೆಂಜರನ್ನೇ ಹೆಸರಿಸಿದ್ದಕ್ಕೆ ಕಾರಣವಿದೆ. ಕಾಲು ಮುಂದೆ ಚಾಚಿ, ಆರಾಮಕುರ್ಚಿಯಲ್ಲಿ ಕೂತಂತೆ ಓಡಿಸುವ ಕ್ರೂಸರ್ ಗಾಡಿಯನ್ನು ನಮ್ಮಲ್ಲಿ ಸಂಬಳದಾರರ ಕೈಗೆಟುಕಿಸಿದ್ದು ಅದೇ. ಮೊದಲು 2001ರಲ್ಲಿ ಬಜಾಜ್ ಕಂಪನಿ ಕವಾಸಾಕಿಯ ಎಲಿಮಿನೇಟರನ್ನು 175 ಸಿಸಿ ಎಂಜಿನ್ನಿನೊಂದಿಗೆ ಇಲ್ಲಿಗೆ ತಂದಿತ್ತು. ನೋಡಲು ಚೆಂದವಿತ್ತು, ಬೆಲೆ ಮಾತ್ರ ಕೈ ಸುಡುತ್ತಿತ್ತು. 2005ರಲ್ಲಿ ಅದೇ ಮೈಕಟ್ಟಿನೊಳಗೆ ಪಲ್ಸರ್ 180ರ ಎಂಜಿನ್ ಕೂರಿಸಿ ಅವೆಂಜರ್ ಎಂದು ಹೆಸರಿಟ್ಟರು. 2007ರಲ್ಲಿ ಅದು 200 ಆಯಿತು, 2010ರಲ್ಲಿ 220. ಅತ್ತ ರಾಯಲ್ ಎನ್‌ಫೀಲ್ಡ್ 2002ರಲ್ಲಿ ಥಂಡರ್‌ಬರ್ಡ್ ತಂದಿತು. 2020ರ ನವೆಂಬರಿನಲ್ಲಿ ಅದರ ಜಾಗಕ್ಕೆ ಮೀಟಿಯರ್ 350 ಬಂತು. ಯಮಹಾ ಎನ್‌ಟೈಸರ್, ಸುಜುಕಿ ಇಂಟ್ರೂಡರ್ 150 ಬಂದವು, ಹೋದವು. ಅಮೆರಿಕದಲ್ಲಿ ಹೊಸಬರು ಕೈ ಪಳಗಿಸಿಕೊಳ್ಳಲೆಂದು 1985ರಿಂದ ಹೋಂಡಾ ರೆಬೆಲ್ 250 ಮಾಡಿದ ಕೆಲಸವನ್ನು ಇಲ್ಲಿ ಮಾಡಿದ್ದು ಬಜಾಜ್, ಎನ್‌ಫೀಲ್ಡ್ ಎಂಬ ಎರಡು ಮನೆತನಗಳು.

ಈ ಗಾಡಿಗಳ ಸ್ವಭಾವ ಅರ್ಥವಾದರೆ ಆರೈಕೆಯ ಅರ್ಧ ಪಾಠ ಮುಗಿದಂತೆ. ಅವೆಂಜರಿನ ಸೀಟು ನೆಲದಿಂದ 737 ಮಿ.ಮೀ. ಎತ್ತರದಲ್ಲಿದೆ, ಎರಡು ಚಕ್ರಗಳ ನಡುವಿನ ಅಂತರ 1,490 ಮಿ.ಮೀ. ಕುಳ್ಳಗಿರುವವರೂ ಎರಡೂ ಪಾದ ಊರಿ ನಿಲ್ಲಬಹುದು. ಆದರೆ ನಮ್ಮ ಊರೂರಿನ ಅವೈಜ್ಞಾನಿಕ ಹಂಪುಗಳ ಮೇಲೆ ಆ ಉದ್ದದ ಹೊಟ್ಟೆ ತಾಗುತ್ತದೆ. ಸವಾರನ ಭಾರವೆಲ್ಲ ಬೆನ್ನಮೂಳೆಯ ಬುಡಕ್ಕೂ ಹಿಂದಿನ ಚಕ್ರಕ್ಕೂ ಬೀಳುತ್ತದೆ. ಮೈ ದೊಡ್ಡದಾದರೂ ಒಳಗಿರುವುದು ಗಾಳಿಯಿಂದಲೂ ಎಣ್ಣೆಯಿಂದಲೂ ತಣಿಯುವ ಒಂದೇ ಸಿಲಿಂಡರಿನ ಎಂಜಿನ್ನು. ಕಾರಿನಲ್ಲಿ ಇರುವಂಥ ನೀರಿನ ರೇಡಿಯೇಟರ್ ಇಲ್ಲ. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಇಪ್ಪತ್ತು ನಿಮಿಷ ಸಿಕ್ಕಿಕೊಂಡಾಗ ಗಾಳಿ ಬೀಸುವುದಿಲ್ಲ, ಆಗ ಎಂಜಿನ್ನಿನ ಬಿಸಿ ಹೊರುವುದು ಎಣ್ಣೆ.

ಆ ಎಣ್ಣೆಯಾದರೂ ಎಷ್ಟು? ಅವೆಂಜರ್ 220ರಲ್ಲಿ ಲೀಟರಿಗಿಂತ ಸ್ವಲ್ಪ ಹೆಚ್ಚು. ಸಣ್ಣ ಕಾರಿನ ಎಂಜಿನ್ನಿನಲ್ಲಿ ಮೂರು ಲೀಟರ್ ಆಸುಪಾಸು ಇರುತ್ತದೆ, ಅದರ ಗೇರ್‌ಬಾಕ್ಸಿಗೆ ಬೇರೆಯೇ ಎಣ್ಣೆ, ಕ್ಲಚ್ಚು ಒಣಗಿಯೇ ಇರುತ್ತದೆ. ಬೈಕಿನ ಈ ಒಂದು ಚೊಂಬಿನಷ್ಟು ಎಣ್ಣೆ ಪಿಸ್ಟನ್ನಿಗೆ ಸವರಬೇಕು, ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಜಜ್ಜಿಸಿಕೊಳ್ಳಬೇಕು, ಜೊತೆಗೆ ಕ್ಲಚ್ ಪ್ಲೇಟುಗಳನ್ನು ನೆನೆಸಿಡಬೇಕು. ಮೊದಲಿನ ಎರಡು ಕೆಲಸಕ್ಕೆ ಎಣ್ಣೆ ಜಾರಬೇಕು. ಮೂರನೆಯದಕ್ಕೆ ಪ್ಲೇಟು ಪ್ಲೇಟನ್ನು ಕಚ್ಚಿ ಹಿಡಿಯುವಷ್ಟು ಜಾರದೇ ಇರಬೇಕು. ಆಯಿಲ್ ಆಯ್ಕೆಯ ತಂಟೆ ಎಲ್ಲ ಹುಟ್ಟುವುದು ಈ ವಿರೋಧದಿಂದಲೇ. ಮಿನರಲ್ಲೋ ಸಿಂಥೆಟಿಕ್ಕೋ ಎಂಬ ಜಗಳವೆಲ್ಲ ಇದರ ಮುಂದೆ ಚಿಲ್ಲರೆ.

“ಯಾವ ಆಯಿಲ್ ಹಾಕಿದರೂ ನಡೀತದೆ ಬಿಡೋ, ನಾವೇನು ನೋಡಿ ಹಾಕ್ತಿದ್ವಾ?” ಎಂದು ಮನೆಯ ದೊಡ್ಡಪ್ಪನೋ ಸೋದರಮಾವನೋ ಹೇಳುತ್ತಾರಲ್ಲ, ಅವರದ್ದು ಸುಳ್ಳಲ್ಲ. ಅವರ ಗಾಡಿ ಬೇರೆ. ಹಳೆಯ ಕಬ್ಬಿಣದ ಎಂಜಿನ್ನಿನ ಬುಲೆಟ್ಟಿನಲ್ಲಿ ಎಂಜಿನ್ನಿಗೊಂದು ಎಣ್ಣೆ, ಕ್ಲಚ್ ಇರುವ ಚೈನ್‌ಕೇಸಿಗೊಂದು, ಗೇರ್‌ಬಾಕ್ಸಿಗೆ ಮತ್ತೊಂದು. ಎಂಜಿನ್ನಿಗೆ ಕಾರಿನದ್ದು ಸುರಿದರೂ ಕ್ಲಚ್ಚಿಗೆ ಅದು ಮುಟ್ಟುತ್ತಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳದ್ದು ಟೂ ಸ್ಟ್ರೋಕ್. ಬಂಕಿನಲ್ಲಿ ಪೆಟ್ರೋಲಿಗೇ 2ಟಿ ಎಣ್ಣೆ ಬೆರೆಸಿ ಹಾಕಿಸಿದರೆ ಅದು ಪಿಸ್ಟನ್ನಿಗೆ ಸವರಿ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು, ಗೇರಿನ ಎಣ್ಣೆ ಪ್ರತ್ಯೇಕ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಎನ್‌ಫೀಲ್ಡ್ ಕೂಡ 2009ರ ಸುಮಾರಿಗೆ ಎಂಜಿನ್, ಕ್ಲಚ್, ಗೇರು ಎಲ್ಲ ಒಂದೇ ಮನೆಯಲ್ಲಿರುವ ಎಂಜಿನ್ನಿಗೆ ಬದಲಾಯಿತು. ಗಾಡಿ ಬದಲಾದರೂ ಸಲಹೆ ಮಾತ್ರ ಹಳೆಯದೇ ಉಳಿಯಿತು.

ಇದನ್ನು ನಾನು ಕಲಿತದ್ದು ಚಾರ್ಮಾಡಿ ಘಾಟಿಯಲ್ಲಿ. ಕರಾವಳಿಯ ಒಂದು ಪೇಟೆಯಲ್ಲಿ ಆಯಿಲ್ ಬದಲಿಸಲು ಗಾಡಿ ಕೊಟ್ಟು, ಎದುರಿನ ಹೋಟೆಲಿನಲ್ಲಿ ನೀರುದೋಸೆ ತಿನ್ನಲು ಹೋದೆ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. “ಕಾರಿನ ಒಳ್ಳೇ ಸಿಂಥೆಟಿಕ್ ಉಳಿದಿತ್ತು, ಅದನ್ನೇ ಹಾಕಿದ್ದೇನೆ, ದುಡ್ಡು ಕಮ್ಮಿ ಕೊಡಿ ಸಾಕು” ಎಂದ ಮೆಕ್ಯಾನಿಕ್. ಪ್ರೀತಿಯಿಂದಲೇ ಹೇಳಿದ್ದ. ಬಯಲಿನಲ್ಲಿ ಗಾಡಿ ಬೆಣ್ಣೆಯಂತೆ ಓಡಿತು. ಘಾಟಿ ಏರುವಾಗ ಮೂರನೇ ಗೇರಿನಲ್ಲಿ ಆಕ್ಸಿಲೇಟರ್ ತಿರುಗಿಸಿದರೆ ಎಂಜಿನ್ನು ಅರಚುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಹಿಂದಿನಿಂದ ಕೆಎಸ್‌ಆರ್‌ಟಿಸಿ ಬಸ್ಸಿನ ಹಾರ್ನು. ಎರಡನೇ ಗೇರಿನಲ್ಲಿ ತೆವಳಿಕೊಂಡು ಕೊಟ್ಟಿಗೆಹಾರ ಮುಟ್ಟಿದೆ. ಆಮೇಲೆ ಎರಡು ಸಲ ಎಣ್ಣೆ ಬದಲಿಸಿದ ಮೇಲೆ ಕ್ಲಚ್ಚು ಸರಿಹೋಯಿತು. ಪ್ಲೇಟು ಸುಟ್ಟಿರಲಿಲ್ಲ ಎಂಬುದು ನನ್ನ ಪುಣ್ಯ. ಹಾಕಿದ್ದು 5ಡಬ್ಲ್ಯೂ-30 ಕಾರಿನ ಎಣ್ಣೆ.

ಕಾರಿನ ಎಣ್ಣೆಯಲ್ಲಿ ಏನಿತ್ತು? 1990ರ ದಶಕದಲ್ಲಿ ಕಾರು ತಯಾರಕರು ಮೈಲೇಜಿನ ಬೆನ್ನು ಹತ್ತಿದಾಗ, ತಿಕ್ಕಾಟ ತಗ್ಗಿಸುವ ರಾಸಾಯನಿಕಗಳನ್ನು, ಮುಖ್ಯವಾಗಿ ಮಾಲಿಬ್ಡಿನಮ್ಮಿನ ಸಂಯುಕ್ತಗಳನ್ನು, ಎಣ್ಣೆಗೆ ಸೇರಿಸತೊಡಗಿದರು. ಕಾರಿಗೆ ಲಾಭವಾಯಿತು, ಬೈಕಿನ ಕ್ಲಚ್ಚು ಜಾರತೊಡಗಿತು. ಜಗತ್ತಿಗೆ ಬೈಕ್ ಮಾರುತ್ತಿದ್ದ ಜಪಾನಿನವರಿಗೆ ಇದು ದೊಡ್ಡ ತಲೆನೋವು. 1998ರಲ್ಲಿ ಅವರ ವಾಹನ ಮಾನಕ ಸಂಸ್ಥೆಯಾದ ಜಾಸೊ, ಟಿ 903 ಎಂಬ ಮಾನಕ ತಂದಿತು. ಎಣ್ಣೆಯಲ್ಲಿ ಅದ್ದಿದ ಕ್ಲಚ್ ಪ್ಲೇಟುಗಳನ್ನು ಯಂತ್ರದಲ್ಲಿ ಹಿಡಿಸಿ, ಬಿಡಿಸಿ, ಓಡುವಾಗ ಎಷ್ಟು ಹಿಡಿತ, ನಿಂತಾಗ ಎಷ್ಟು ಹಿಡಿತ, ನಿಲ್ಲಲು ಎಷ್ಟು ಹೊತ್ತು ಎಂದು ಮೂರು ಅಂಕ ತೆಗೆಯುತ್ತಾರೆ. ಹಿಡಿತ ಚೆನ್ನಾಗಿದ್ದರೆ ಎಂಎ, ಕಡಿಮೆ ಇದ್ದರೆ ಎಂಬಿ. 2006ರಲ್ಲಿ ಎಂಎಯನ್ನು ಒಡೆದು ಎಂಎ1, ಎಂಎ2 ಮಾಡಿದರು. ಎಂಎ2ರದ್ದು ಎಲ್ಲಕ್ಕಿಂತ ಬಿಗಿ ಹಿಡಿತ. ಡಬ್ಬದ ಬೆನ್ನಿನ ಮೇಲೆ ಒಂದು ಸಣ್ಣ ಚೌಕ ಇರುತ್ತದೆ: ಮೇಲೆ ಕಂಪನಿಯ ಸಂಕೇತ ಸಂಖ್ಯೆ, ಕೆಳಗೆ ಈ ಅಕ್ಷರ. ನಾನು ಮೊದಲು ಹುಡುಕುವುದು ಅದನ್ನೇ.

ಎಂಬಿ ಕೆಟ್ಟ ಎಣ್ಣೆಯೇನಲ್ಲ. ಗೇರಿಲ್ಲದ ಸ್ಕೂಟರುಗಳ ಕ್ಲಚ್ಚು ಒಣಗಿರುವುದರಿಂದ ಅವಕ್ಕೆ ಅದೇ ಸರಿ, ಪೆಟ್ರೋಲೂ ಒಂದಿಷ್ಟು ಉಳಿಯುತ್ತದೆ. ಎಂಬಿಯನ್ನೇ ಹೇಳುವ ಕೆಲವು ಸಣ್ಣ ಬೈಕುಗಳೂ ಇವೆ. ಅವುಗಳ ಕ್ಲಚ್ಚನ್ನು ಆ ಎಣ್ಣೆಗೇ ಹೊಂದಿಸಿರುತ್ತಾರೆ. ತೊಂದರೆ ಆಗುವುದು ಹೆಂಡತಿಯ ಸ್ಕೂಟರಿಗೆಂದು ತಂದ ಡಬ್ಬದಲ್ಲಿ ಉಳಿದದ್ದನ್ನು ಗಂಡನ ಕ್ರೂಸರಿಗೆ ಸುರಿದಾಗ. ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಅಂಗಡಿಯವರೂ ಬಲ್ಲವರು ಕಡಿಮೆ. ಮೈಲೇಜಿನ ರಾಸಾಯನಿಕ ತುಂಬುವುದು ಮುಖ್ಯವಾಗಿ ತೆಳುವಾದ ಕಾರಿನ ಎಣ್ಣೆಗಳಿಗೆ, ಅಂದರೆ ಕೊನೆಯ ಅಂಕಿ 20, 30 ಇರುವಂಥವಕ್ಕೆ. ದಪ್ಪ 20ಡಬ್ಲ್ಯೂ-50 ಕಾರಿನ ಎಣ್ಣೆ ಹಾಕಿಯೂ ಕ್ಲಚ್ಚು ಜಾರಲಿಲ್ಲ ಎಂದು ಯಾರಾದರೂ ಆಣೆ ಮಾಡಿ ಹೇಳಿದರೆ ನಂಬಬಹುದು. ಹಾಗೆಂದು ಅನುಸರಿಸಬೇಕಾಗಿಲ್ಲ. ಬೈಕಿನ ಎಣ್ಣೆ ಎಲ್ಲ ಬಂಕಿನಲ್ಲೂ ಸಿಗುವಾಗ ಈ ಜೂಜೇಕೆ?

ಈಗ ಆ ಅಂಕಿಗಳ ಸಂಗತಿ. 20ಡಬ್ಲ್ಯೂ-50 ಎಂಬಲ್ಲಿನ ಡಬ್ಲ್ಯೂ ಚಳಿಗಾಲವನ್ನು ಸೂಚಿಸುತ್ತದೆ. 20ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, 10ಡಬ್ಲ್ಯೂ ಎಣ್ಣೆಯನ್ನು 25 ಡಿಗ್ರಿ ಕೆಳಗೆ: ಅಷ್ಟು ಚಳಿಯಲ್ಲೂ ಎಂಜಿನ್ನು ತಿರುಗುವಷ್ಟು ಅದು ಸಡಿಲವಾಗಿರಬೇಕು. ಡಿಸೆಂಬರಿನ ಮಡಿಕೇರಿಯಲ್ಲೂ ಅಂಥ ಚಳಿ ಬರುವುದಿಲ್ಲ. ಹಾಗಾಗಿ ಕರ್ನಾಟಕದಲ್ಲಿ ಓಡುವ ಗಾಡಿಗೆ ಮೊದಲ ಅಂಕಿಯ ಬಗ್ಗೆ ನಿದ್ದೆಗೆಡಬೇಕಾಗಿಲ್ಲ. ಲಡಾಖಿಗೆ ಹೊರಟವರು ಯೋಚಿಸಲಿ. ಮುಖ್ಯವಾದದ್ದು ಎರಡನೆಯ ಅಂಕಿ. ಶಾಲೆಯಲ್ಲಿ ಸ್ನಿಗ್ಧತೆ ಎಂದು ಓದಿದ್ದೇವಲ್ಲ, ಅದನ್ನು 100 ಡಿಗ್ರಿ ಬಿಸಿಯಲ್ಲಿ ಅಳೆದು ಕೊಡುವ ಅಂಕ ಅದು. ಸೆಂಟಿಸ್ಟೋಕ್ ಎಂಬ ಮಾನದಲ್ಲಿ 12.5ರಿಂದ 16.3ರೊಳಗೆ ಇದ್ದರೆ 40, 16.3ರಿಂದ 21.9ರೊಳಗೆ ಇದ್ದರೆ 50. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ರಸ್ತೆಗಳಲ್ಲಿ, ಗಾಳಿಯನ್ನೇ ನಂಬಿದ ಎಂಜಿನ್ನಿನೊಳಗೆ, ಎಣ್ಣೆ ನೀರಾಗಿಬಿಟ್ಟರೆ ಲೋಹಕ್ಕೆ ಲೋಹ ತಾಗುತ್ತದೆ. ಅವೆಂಜರ್ 220ಕ್ಕೆ 20ಡಬ್ಲ್ಯೂ-50, ಮೀಟಿಯರ್ 350ಕ್ಕೆ 15ಡಬ್ಲ್ಯೂ-50 ಎಂದು ಕಂಪನಿಗಳೇ ಹೇಳಿರುವುದರ ಹಿಂದೆ ಈ ಲೆಕ್ಕವಿದೆ.

‘ದಪ್ಪ ಇದ್ದಷ್ಟೂ ಒಳ್ಳೆಯದು’ ಎಂದು ಇದರಿಂದ ತಿಳಿಯಬಾರದು. 10ಡಬ್ಲ್ಯೂ-30ಕ್ಕೆ ಮಾಡಿದ ಎಂಜಿನ್ನಿಗೆ 20ಡಬ್ಲ್ಯೂ-50 ಸುರಿದರೆ ಟ್ಯಾಪೆಟ್ ಸದ್ದು ಸ್ವಲ್ಪ ಮುಚ್ಚಿಹೋಗುತ್ತದೆ, ಮಾರಾಟಕ್ಕಿಟ್ಟ ಹಳೆಯ ಗಾಡಿಗೆ ದಲ್ಲಾಳಿಗಳು ಮಾಡುವುದೇ ಅದನ್ನು. ಆದರೆ ಕಿರಿದಾದ ದಾರಿಗಳಲ್ಲಿ ಎಣ್ಣೆ ತಡವಾಗಿ ಹರಿಯುತ್ತದೆ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಸವೆತ ಹೆಚ್ಚುತ್ತದೆ.

ಒಂದೇ ಎಣ್ಣೆ ತಣ್ಣಗಿರುವಾಗ ತೆಳುವೂ ಕಾದಾಗ ದಪ್ಪವೂ ಹೇಗಿರುತ್ತದೆ ಎಂದು ನೀವು ಕೇಳಬಹುದು. ಅದರಲ್ಲಿ ಪಾಲಿಮರಿನ ಉದ್ದುದ್ದ ಎಳೆಗಳಿರುತ್ತವೆ; ತಣ್ಣಗಿರುವಾಗ ಮುದುಡಿಕೊಂಡು, ಕಾದಾಗ ಮೈ ಚಾಚಿ ಎಣ್ಣೆ ತೀರಾ ನೀರಾಗದಂತೆ ತಡೆಯುತ್ತವೆ. ಗೇರಿನ ಹಲ್ಲುಗಳು ಆಲೆಮನೆಯ ಗಾಣದಂತೆ ಈ ಎಳೆಗಳನ್ನು ಅರೆದು ತುಂಡರಿಸುತ್ತವೆ. ಕೆಲವು ಸಾವಿರ ಕಿ.ಮೀ. ಆದಮೇಲೆ ಡಬ್ಬದ ಮೇಲೆ 50 ಎಂದಿದ್ದ ಎಣ್ಣೆ ಒಳಗೆ 40ರ ಹಾಗೆ ವರ್ತಿಸತೊಡಗುತ್ತದೆ. ಗೇರು ಬೀಳುವಾಗ ಮೊದಲಿನ ನಯ ಹೋಗಿ ‘ಟಕ್’ ಎನ್ನತೊಡಗಿದರೆ, ನ್ಯೂಟ್ರಲ್ ಸಿಗಲು ಸತಾಯಿಸಿದರೆ, ಎಣ್ಣೆ ಸೋತಿದೆ ಎಂದರ್ಥ. ಓಡೋಮೀಟರಿಗಿಂತ ಮೊದಲು ಎಡಗಾಲಿನ ಪಾದಕ್ಕೆ ಇದು ತಿಳಿಯುತ್ತದೆ.

ಸಿಂಥೆಟಿಕ್ ಎಣ್ಣೆ ಈ ಅರೆತವನ್ನೂ ಬಿಸಿಯನ್ನೂ ಹೆಚ್ಚು ಕಾಲ ತಾಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪದವೇ ಒಂದು ಜಾರು ಪದ. ಕಚ್ಚಾತೈಲವನ್ನೇ ಬಹಳವಾಗಿ ಶುದ್ಧಿ ಮಾಡಿ ತೆಗೆದದ್ದನ್ನೂ ‘ಸಿಂಥೆಟಿಕ್’ ಎಂದು ಮಾರಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ನಡುವೆ ದೂರು ನಡೆದು, 1999ರಲ್ಲಿ ಅಲ್ಲಿನ ಜಾಹೀರಾತು ನಿಗಾ ಸಂಸ್ಥೆ ಮಾರಬಹುದು ಎಂದಿತು. ಅಲ್ಲಿಂದ ಮುಂದೆ ಆ ಪದಕ್ಕೆ ಗಡಿ ಇಲ್ಲದಾಯಿತು. ‘ಸೆಮಿ ಸಿಂಥೆಟಿಕ್’ ಎಂಬುದಂತೂ ಮಿಶ್ರಣದ ಪ್ರಮಾಣ ಹೇಳಬೇಕಾಗಿಲ್ಲದ ಹೆಸರು. ಹಾಲಿಗೆ ನೀರೋ ನೀರಿಗೆ ಹಾಲೋ ಕೇಳುವವರಿಲ್ಲ. ಮೀಟಿಯರಿನ ಪುಸ್ತಕ ಸೆಮಿ ಸಿಂಥೆಟಿಕ್ ಎಂದೇ ಹೇಳುವುದರಿಂದ ಅದಕ್ಕೆ ಅದೇ ಸಾಕು. ಅವೆಂಜರಿನಂಥ ಗಾಡಿಗೆ ನನ್ನ ಲೆಕ್ಕ ಸರಳ: ಪೂರ್ತಿ ಸಿಂಥೆಟಿಕ್ಕಿನ ಬೆಲೆ ಮಿನರಲ್ಲಿಗಿಂತ ಎರಡು, ಎರಡೂವರೆ ಪಟ್ಟು. ಆ ದುಡ್ಡಿನಲ್ಲಿ ಮಿನರಲ್ಲನ್ನು ಎರಡು ಸಲ ಬದಲಿಸಿದರೆ ಎರಡು ಸಲವೂ ಒಳಗಿನ ಲೋಹದ ಪುಡಿ, ಮಸಿ, ನೀರಿನಂಶ ಹೊರಹೋಗುತ್ತವೆ. ಬೆಲೆಬಾಳುವ ಎಣ್ಣೆಯೂ ಕೊಳೆಯನ್ನು ಒಳಗೇ ಇಟ್ಟುಕೊಂಡು ತಿರುಗುತ್ತದೆ. ದಿನಾ ನೂರಾರು ಕಿ.ಮೀ. ಹೆದ್ದಾರಿಯಲ್ಲಿ ಓಡಿಸುವವರ ಲೆಕ್ಕ ಬೇರೆಯಾದೀತು. ಅವರು ಸಿಂಥೆಟಿಕ್ ಹಾಕಲಿ.

ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆಗಳಿಗೆ ಜಾಹೀರಾತು ಕೊಡುವಷ್ಟು ಬೆಲೆ ಕೊಡಬೇಕಾಗಿಲ್ಲ. ಎಸ್‌ಎಲ್ ಬಂದದ್ದು 2001ರಲ್ಲಿ, ಎಸ್‌ಎಂ 2004, ಎಸ್‌ಎನ್ 2010, ಎಸ್‌ಪಿ 2020ರಲ್ಲಿ. ಅಕ್ಷರ ಮುಂದೆ ಹೋದಂತೆ ಹೊಸದು. ಪುಸ್ತಕ ಎಸ್‌ಎಲ್ ಎಂದಿದ್ದರೆ ಎಸ್‌ಎನ್ ಹಾಕಬಹುದು, ಪಕ್ಕದಲ್ಲಿ ಎಂಎ ಅಥವಾ ಎಂಎ2 ಇದ್ದರೆ.

ಎಷ್ಟು ದಿನಕ್ಕೊಮ್ಮೆ? ಹೊಸ ಗಾಡಿಯ ಮೊದಲ ಬದಲಾವಣೆ 500 ಕಿ.ಮೀ. ಸುಮಾರಿಗೆ, ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಲೋಹ ಅದರಲ್ಲಿರುತ್ತದೆ, ಅದನ್ನು ಮುಂದೂಡಲೇಬಾರದು. ಆಮೇಲೆ ಈಗಿನ ಪುಸ್ತಕಗಳು 5,000 ಎನ್ನುತ್ತವೆ, 10,000 ಎನ್ನುತ್ತವೆ. ಹಳೆಯ ಮೆಕ್ಯಾನಿಕ್‌ಗಳು 2,000 ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಅನುಭವಕ್ಕೆ ಪ್ರಾಮಾಣಿಕರೇ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಿರುವಾಗಲೂ ಎಂಜಿನ್ನು ಓಡುತ್ತಿರುತ್ತದೆ, ಕಿ.ಮೀ. ಏರುವುದಿಲ್ಲ. 10,000 ಎಂದರೆ ನಾನು ಅರ್ಧ ಮಾಡಿ 5,000 ಎಂದು ಓದುತ್ತೇನೆ. ಮಿನರಲ್ ಆದರೆ 3,000. ಇದು ನನ್ನ ತೀರ್ಮಾನ, ಕಂಪನಿಯದ್ದಲ್ಲ. ಇಷ್ಟು ಕಿ.ಮೀ. ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಬದಲಿಸುವುದಕ್ಕಿಂತ ಹೆಚ್ಚಾಗಿ ನಾವು ಮರೆಯುವುದು ಮಟ್ಟ ನೋಡುವುದನ್ನು. ಎಂಜಿನ್ನಿನ ಪಕ್ಕದಲ್ಲಿ ಒಂದು ದುಂಡನೆಯ ಗಾಜಿನ ಕಿಂಡಿ ಇದೆ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಐದು ನಿಮಿಷ ಬಿಟ್ಟು, ಸಮನಾದ ನೆಲದಲ್ಲಿ ಗಾಡಿಯನ್ನು ನೆಟ್ಟಗೆ ಹಿಡಿದು ನೋಡಬೇಕು. ಸೈಡ್ ಸ್ಟ್ಯಾಂಡ್ ಹಾಕಿ ನೋಡಿದರೆ ಕಿಂಡಿ ಸುಳ್ಳು ಹೇಳುತ್ತದೆ. ಅವೆಂಜರಿಗೆ ನಡುವಿನ ಸ್ಟ್ಯಾಂಡೇ ಇಲ್ಲ, ಹಾಗಾಗಿ ಮನೆಯವರೊಬ್ಬರು ಹಿಡಿದುಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ ಈ ಐದು ನಿಮಿಷ ಕೊಟ್ಟರೆ ಸಾಕು. ಗಾಳಿ ತಣಿಸುವ ಎಂಜಿನ್ನುಗಳು ಸ್ವಲ್ಪ ಸ್ವಲ್ಪ ಎಣ್ಣೆ ಕುಡಿಯುತ್ತವೆ. ಲೀಟರಿನಲ್ಲಿ ಕಾಲು ಭಾಗ ಕಾಣೆಯಾದರೆ ಉಳಿದದ್ದು ಬೇಗ ಕಾಯುತ್ತದೆ. ಅಗ್ಗದ ಎಣ್ಣೆಯಿಂದ ಸತ್ತ ಎಂಜಿನ್ನನ್ನು ನಾನು ನೋಡಿಲ್ಲ, ಎಣ್ಣೆ ಇಲ್ಲದೆ ಸತ್ತವನ್ನು ನೋಡಿದ್ದೇನೆ. ತುಂಬಿದ್ದು ಹೆಚ್ಚಾದರೂ ಕಷ್ಟವೇ: ನೊರೆ ಬರುತ್ತದೆ, ಉಸಿರುಕೊಳವೆಯ ಮೂಲಕ ಏರ್ ಫಿಲ್ಟರಿಗೆ ಹೋಗಿ ಅಂಟುತ್ತದೆ. ‘ಒಂದು ಡಬ್ಬ, ಒಂದು ಸರ್ವೀಸ್’ ಎಂಬ ಗ್ಯಾರೇಜಿನ ಲೆಕ್ಕವೂ ನಂಬಿಕೆಗೆ ತಕ್ಕದ್ದಲ್ಲ. ಪಲ್ಸರ್ ಬಳಗದ ಗಾಡಿಗಳಿಗೆಂದೇ 1.2 ಲೀಟರಿನ ಡಬ್ಬ ಮಾರುವುದಕ್ಕೆ, ಎನ್‌ಫೀಲ್ಡಿಗೆಂದು 2.5 ಲೀಟರಿನದನ್ನು ಮಾರುವುದಕ್ಕೆ ಕಾರಣವಿದೆ.

ಎಣ್ಣೆ ಕಪ್ಪಾದರೆ ಗಾಬರಿ ಬೇಡ. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸ. ಗಾಬರಿಯಾಗಬೇಕಾದದ್ದು ಕಿಂಡಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಂಡಾಗ: ಒಳಗೆ ನೀರು ಸೇರಿದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಮಾಮೂಲು. ಗಾಡಿಯನ್ನು ಭಾನುವಾರಕ್ಕೆಂದು ಎತ್ತಿಟ್ಟವರಲ್ಲೂ ಮಾಮೂಲು. ಕ್ರೂಸರ್ ಕೊಂಡ ಬಹಳ ಜನ ಅದನ್ನು ಎರಡನೇ ಗಾಡಿಯಾಗಿ ಇಟ್ಟುಕೊಂಡಿರುತ್ತಾರೆ. ಅವೆಂಜರ್, ಮೀಟಿಯರ್ ಎರಡಕ್ಕೂ ಕಿಕ್ಕರ್ ಇಲ್ಲ. ಬ್ಯಾಟರಿ ಸತ್ತರೆ ಗಾಡಿ ಗೋಡೆಯಂತೆ ನಿಲ್ಲುತ್ತದೆ. ಆ ಭಯಕ್ಕೆ ಮನೆ ಮುಂದೆ ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾರೆ. ಐದು ನಿಮಿಷದಲ್ಲಿ ಬ್ಯಾಟರಿ ತುಂಬುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಮಾತ್ರ ತಣ್ಣನೆಯ ಎಂಜಿನ್ನಿನೊಳಗೆ ಹನಿಯಾಗಿ ಎಣ್ಣೆಗೆ ಸೇರುತ್ತದೆ. ಅದರ ಬದಲು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ ಬನ್ನಿ. ಪೆಟ್ರೋಲಿನಲ್ಲಿ ಈಗ ಎಥೆನಾಲೂ ಇದೆ. ಶೇ. 20ರ ಮಿಶ್ರಣಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಎಥೆನಾಲು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಂತ ಹಳೆಯ ಕಾರ್ಬ್ಯುರೇಟರ್ ಗಾಡಿಗಳ ರಬ್ಬರ್ ಕೊಳವೆಗಳ ಮೇಲೂ ಒಂದು ಕಣ್ಣಿರಲಿ.

ಮನೆಯಲ್ಲೇ ಆಯಿಲ್ ಬದಲಿಸುವುದು ಬ್ರಹ್ಮವಿದ್ಯೆಯಲ್ಲ. ಎಂಜಿನ್ನು ಬೆಚ್ಚಗಿರಬೇಕು, ಸುಡುವಂತಿರಬಾರದು. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿ, ಫಿಲ್ಟರನ್ನೂ ಬದಲಿಸಿ. ಬೋಲ್ಟ್ ಬಿಗಿಯುವಾಗ ಪಾನಾಕ್ಕೆ ಪೈಪು ತೂರಿಸಿ ಶಕ್ತಿಪ್ರದರ್ಶನ ಬೇಡ. ಎಂಜಿನ್ನಿನ ಹೊಟ್ಟೆ ಅಲ್ಯೂಮಿನಿಯಮ್ಮಿನದು, ತ್ರೆಡ್ ಹೋದರೆ ಸಾವಿರಾರು ರೂಪಾಯಿ ಕೆಲಸ. ಹಂಪಿಗೆ ತಾಗಿದ ಗುರುತು ಆ ಬೋಲ್ಟಿನ ಸುತ್ತ ಇದೆಯೇ ಎಂದೂ ಆಗಲೇ ನೋಡಿಬಿಡಿ.

ಎಣ್ಣೆಯ ಮಾತಿನಲ್ಲಿ ಮುಳುಗಿದವರು ಚೈನನ್ನು ಮರೆಯುತ್ತಾರೆ. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆಂದ ದಿನ ಅಂದೇ, ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, ಒಳಮೈಗೆ ಇಪಿ 90 ಗೇರ್ ಆಯಿಲ್ ಇಲ್ಲವೇ ಸ್ಪ್ರೇ ಸವರಬೇಕು. ರಬ್ಬರ್ ಉಂಗುರಗಳಿರುವ ಚೈನಿಗೆ ಪೆಟ್ರೋಲ್ ಮುಟ್ಟಿಸಬೇಡಿ. ಕೆಲವರು ಎಂಜಿನ್ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಚಕ್ರ ತಿರುಗುವಾಗ ಬಟ್ಟೆ ಹಿಡಿಯುತ್ತಾರೆ. ಬೆರಳು ಹೋಗುವುದು ಹಾಗೆಯೇ. ಸ್ಟ್ಯಾಂಡ್ ಇಲ್ಲದ ಗಾಡಿಯನ್ನು ಗೇಣು ಗೇಣು ತಳ್ಳಿಕೊಂಡು ಸವರುವುದು ಬೇಸರದ ಕೆಲಸ, ಆದರೂ ಹಾಗೇ ಮಾಡಬೇಕು.

ಅವೆಂಜರಿನ ಹಿಂದಿನ ಟೈರು 130/90-15. ಸಣ್ಣ ಊರುಗಳಲ್ಲಿ ಆ ಅಳತೆ ಕೇಳಿದರೆ ಪಂಕ್ಚರ್ ಅಂಗಡಿಯವರು ಮುಖ ನೋಡುತ್ತಾರೆ. ಕಡ್ಡಿಚಕ್ರದ ಕ್ರೂಸ್ ಮಾದರಿಗೆ ಟ್ಯೂಬ್ ಬೇರೆ. ದೂರ ಹೊರಟಾಗ ಒಂದು ಟ್ಯೂಬ್ ಚೀಲದಲ್ಲಿರಲಿ. ಕಡ್ಡಿಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ‘ಟಣ್’ ಎನ್ನಬೇಕು, ‘ತಟ್’ ಎಂದದ್ದು ಸಡಿಲವಾಗಿದೆ. ಕಾರವಾರ, ಮಲ್ಪೆಯಂಥ ಕಡೆ ಇರುವವರು ಕಡ್ಡಿಗೂ ಕ್ರೋಮಿಗೂ ಉಪ್ಪುಗಾಳಿ ಹಿಡಿಯದಂತೆ ಸಿಹಿನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆಯ ಕೈ ಆಡಿಸಬೇಕು. 220ರ ಮುಂದೆ ಸಣ್ಣ ಆಯಿಲ್ ಕೂಲರ್ ಇದೆ. ಅದರ ರೆಕ್ಕೆಗಳ ನಡುವೆ ಕೆಸರು ಕೂತರೆ ಅದು ಇದ್ದೂ ಇಲ್ಲದಂತೆ. ವಾಟರ್ ಸರ್ವೀಸಿನ ಪೈಪನ್ನು ಅದಕ್ಕೆ ನೇರವಾಗಿ ಹಿಡಿಯಲು ಬಿಡಬೇಡಿ, ರೆಕ್ಕೆ ಮಡಿಚಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಎರಡಿವೆ, ಬಿಲ್ಲಿನಲ್ಲಿ ಒಂದೇ ಇದ್ದರೆ ಪ್ರಶ್ನೆ ಕೇಳಿ.

ಖಾಲಿ ಡಬ್ಬದ ವಿಷಯವೂ ಇದೆ. ಹೆಸರಾಂತ ಕಂಪನಿಯ ಡಬ್ಬ ಗುಜರಿಗೆ ಹೋಗಿ, ಹಳೆಯ ಎಣ್ಣೆಯನ್ನು ಸೋಸಿ ತುಂಬಿಸಿಕೊಂಡು ಮತ್ತೆ ಅಂಗಡಿಗೆ ಬರುತ್ತದೆ. ಹೊಸ ಡಬ್ಬದ ಮುಚ್ಚಳ ನಿಮ್ಮ ಕಣ್ಣೆದುರೇ ಒಡೆಯಲಿ, ಖಾಲಿಯಾದ ಮೇಲೆ ಸ್ಕ್ರೂಡ್ರೈವರಿನಿಂದ ತೂತು ಮಾಡಿ ಕೊಡಿ. ಇಳಿಸಿದ ಕರಿ ಆಯಿಲ್ಲನ್ನು ಹಳ್ಳಿಗಳಲ್ಲಿ ಗೆದ್ದಲು ಹತ್ತದಿರಲೆಂದು ಬೇಲಿಕಂಬಕ್ಕೆ ಬಳಿಯುವ ರೂಢಿ ಇದೆ. ಅದು ಮಳೆಗೆ ತೊಳೆದು ಮಣ್ಣಿಗೂ ಬಾವಿಗೂ ಇಳಿಯುತ್ತದೆ. ಬಳಸಿದ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಹಿಂದಕ್ಕೆ ಪಡೆದು ಮರುಬಳಕೆ ಮಾಡಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಕರ ಮೇಲೆಯೇ ಹೊರಿಸಲಾಗಿದೆ. ಮನೆಯಲ್ಲಿ ಬದಲಿಸಿದವರು ಹಳೆಯ ಎಣ್ಣೆಯನ್ನು ಕ್ಯಾನಿಗೆ ತುಂಬಿ ಸರ್ವೀಸ್ ಸ್ಟೇಷನ್ನಿಗೆ ಕೊಡುವುದು ಸರಿ.

ನನ್ನ ಗಾಡಿಗೆ ವರ್ಷದ ಲೆಕ್ಕ ತಪ್ಪದಿರಲೆಂದು ಆಯುಧಪೂಜೆಯನ್ನೇ ಗಡುವು ಮಾಡಿಕೊಂಡಿದ್ದೇನೆ. ಮಳೆಗಾಲ ಅಷ್ಟೊತ್ತಿಗೆ ಮುಗಿದಿರುತ್ತದೆ, ತೇವ ಕುಡಿದ ಎಣ್ಣೆ ಇಳಿಸಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಈಗ ಅದರಲ್ಲಿರುವುದು 20ಡಬ್ಲ್ಯೂ-50, ಎಂಎ2, ಮಿನರಲ್. ನೀವು ಈ ಸಲ ನಿಮ್ಮ ಗಾಡಿಯನ್ನು ತೊಳೆದು, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುವ ಮುಂಚೆ ಅದನ್ನು ನೆಟ್ಟಗೆ ಹಿಡಿದು ಆ ಗಾಜಿನ ಕಿಂಡಿಯನ್ನೊಮ್ಮೆ ನೋಡಿ.